ಚಾಸಿ ಪ್ರಿಂಟ್ ಅಕ್ಕಯಮ್ಮ ಯಾರನ್ನೂ ನಂಬುವುದಿಲ್ಲ

ಬೆಳಗಿನ ಆರು ಗಂಟೆ. ಚಾಮರಾಜಪೇಟೆಯ ಕಾಗೆಗಳು ಕೂಡ ಇನ್ನೂ ಬಾಯಿ ಬಿಟ್ಟಿಲ್ಲ. ಸಾರಿಗೆ ಕಚೇರಿಯೊಂದರ ಎದುರಿನ ಹೊಂಗೆಮರದಡಿ ಬೆಟ್ಟದಂಥ ಲಾರಿ ನಿಂತಿದೆ. ಅದರ ಹೊಟ್ಟೆಯ ಕೆಳಗಿನಿಂದ ಎರಡು ಪಾದಗಳು ಹೊರಗೆ ಚಾಚಿವೆ. ಬೆರಳುಗಳಲ್ಲಿ ಕಾಲುಂಗುರ. ಎಣ್ಣೆ ತೊಟ್ಟಿಕ್ಕುವ ಆ ಕತ್ತಲೊಳಗಿಂದ ಪೆನ್ಸಿಲ್ ಉಜ್ಜುವ ಸದ್ದು ಬರುತ್ತಿದೆ, ಜೊತೆಗೆ ಬೈಗುಳ.

"ಹಾಸನ ಬಿಟ್ಟು ಎಲ್ಲೂ ಹೋಗಿಲ್ಲ ಅಂದ್ಯಲ್ಲ ಡ್ರೈವರಪ್ಪ, ಚಕ್ರದ ಸಂದೀಲಿ ಕಪ್ಪೆಚಿಪ್ಪು ಸಿಕ್ಕಾಕೊಂಡಿದೆ. ಹಾಸನಕ್ಕೆ ಸಮುದ್ರ ಯಾವಾಗ ಬಂತು?"

ಆರಡಿ ಎತ್ತರದ ಡ್ರೈವರ್ ಬೀಡಿ ಎಸೆದು ಕೈಮುಗಿಯುತ್ತಾನೆ. "ಓನರ್‌ಗೆ ಹೇಳ್ಬೇಡಿ ಅಮ್ಮ. ಒಂದೇ ಒಂದು ಟ್ರಿಪ್ಪು, ಮಂಗಳೂರಿಗೆ."

"ನಾನ್ಯಾಕೆ ಹೇಳ್ಲಿ? ನಿನ್ನ ಮುಖ ನೋಡಿದ್ರೆ ಓನರ್‌ಗೇ ಗೊತ್ತಾಗುತ್ತೆ."

ಹೀಗೆ ಹೇಳುತ್ತ ಹೊರಬರುವವರು ಬಿನ್ನಿಪೇಟೆಯ ಅಕ್ಕಯಮ್ಮ. ವಯಸ್ಸು ನಲವತ್ನಾಲ್ಕು. ಎತ್ತರ ನಾಲ್ಕೂ ಮುಕ್ಕಾಲು ಅಡಿ, ಆದರೆ ಆಕೆಯ ಸಂಶಯದ ಎತ್ತರ ಅಳೆಯುವುದಕ್ಕೆ ವಿಧಾನಸೌಧದ ಗುಮ್ಮಟದ ಮೇಲೆ ನಿಂತರೂ ಸಾಲದು. ಕದ್ದ ಗಾಡಿ ಟೌನ್‌ಹಾಲ್ ದಾಟುವಾಗಲೇ ಇಲ್ಲಿ ಆಕೆಯ ಮೂಗು ಅರಳುತ್ತದೆ ಎಂದು ಮರದಡಿಯ ಜನ ಆಣೆ ಮಾಡಿ ಹೇಳುತ್ತಾರೆ.

ಆಕೆಯ ಕೆಲಸಕ್ಕೆ ಚಾಸಿ ಪ್ರಿಂಟ್ ತೆಗೆಯುವುದು ಎಂದು ಹೆಸರು. ಪ್ರತಿ ಗಾಡಿಯ ಉಕ್ಕಿನ ಮೈಮೇಲೆ ಕಾರ್ಖಾನೆಯವರು ಕುಟ್ಟಿ ಕೂರಿಸಿದ ನಂಬರ್ ಒಂದಿರುತ್ತದೆ. ಅದರ ಮೇಲೆ ತೆಳ್ಳನೆಯ ಕಾಗದ ಹಿಡಿದು ಮೆತ್ತನೆಯ ಪೆನ್ಸಿಲಿನಿಂದ ಉಜ್ಜಿದರೆ ಸುತ್ತಲೂ ಕಪ್ಪಾಗಿ, ತಗ್ಗಿನಲ್ಲಿರುವ ಅಂಕಿಗಳು ಬೆಳ್ಳಗೆ ಮೂಡುತ್ತವೆ. ಆರ್‌ಸಿ ಬುಕ್ ಕಳೆದುಹೋಯಿತು, ಕಳುವಾಯಿತು, ಇನ್ನೊಂದು ಕೊಡಿ ಎಂದು ಬರುವವರು ಪೊಲೀಸರ ಹಿಂಬರಹ, ಛಾಪಾ ಕಾಗದದ ಅಫಿಡವಿಟ್, ಅರ್ಜಿ ಎಲ್ಲ ತಂದರೂ ಈ ಕಪ್ಪು ಚೀಟಿ ಅಂಟಿಸದಿದ್ದರೆ ಕಿಟಕಿಯ ಒಳಗಿನವರು ತಲೆ ಎತ್ತುವುದಿಲ್ಲ. ಗಾಡಿ ಇದೆ, ಇದೇ ಗಾಡಿ, ಎನ್ನುವುದಕ್ಕೆ ಅದೊಂದೇ ಸಾಕ್ಷಿ.

ಲಾರಿ ಹೊರಡುವಷ್ಟರಲ್ಲಿ ಹನುಮಂತನಗರದ ಕಡೆಯಿಂದ ಒಬ್ಬ ವ್ಯಕ್ತಿ ಬೆವರು ಸುರಿಸುತ್ತ ಹಸಿರು ಸ್ಕೂಟರ್ ತಳ್ಳಿಕೊಂಡು ಬರುತ್ತಾರೆ. ಹೆಸರು ದೊಡ್ಡಬೈರಪ್ಪ, ಐವತ್ತೆಂಟು ವರ್ಷ. ಗ್ಯಾಸ್ ಒಲೆ, ಸೀಮೆಎಣ್ಣೆ ಸ್ಟೌ ರಿಪೇರಿ ಮಾಡುತ್ತ ಬೀದಿ ಬೀದಿ ಸುತ್ತುವವರು. ಅಕ್ಕಯಮ್ಮ ಮೊದಲು ಕೈಚಾಚಿ ಸ್ಕೂಟರಿನ ಕೀ ಕಿತ್ತುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾರೆ. ಆಮೇಲೆ ವಿಚಾರಣೆ.

"ಟಯರ್ ಪಂಕ್ಚರ್ರಾ?"

"ಇಲ್ಲಮ್ಮ."

"ಪೆಟ್ರೋಲ್ ಖಾಲಿಯಾ?"

"ಅದೂ ಇದೆ. ಕಿಕ್ ಹೊಡೆದ್ರೆ ಒಂದೇ ಏಟಿಗೆ ಸ್ಟಾರ್ಟು."

"ಮತ್ಯಾಕೆ ತಳ್ಕೊಂಡು ಬಂದ್ರಿ?"

"ಬುಕ್ ಇಲ್ದೆ ಗಾಡಿ ಓಡಿಸಬಾರದು ಅಂತ ಕಾನೂನಿದೆಯಲ್ಲಮ್ಮ."

ಅಕ್ಕಯಮ್ಮ ಗಂಡ ಕೆಂಚಪ್ಪನ ಕಡೆ ತಿರುಗುತ್ತಾರೆ. ಆತ ಪಕ್ಕದಲ್ಲೇ ಕೂತು ಗಾಡಿಗಳ ನಂಬರ್ ಪ್ಲೇಟಿಗೆ ಬಣ್ಣ ಬರೆಯುವವನು. "ಕೇಳಿದ್ರೇನ್ರೀ? ಹದಿನೈದು ವರ್ಷದಲ್ಲಿ ಇಂಥ ಮಾತು ಒಬ್ಬನೂ ಹೇಳಿಲ್ಲ. ಇವನು ಪಕ್ಕಾ ಕಳ್ಳ."

ದೊಡ್ಡಬೈರಪ್ಪನವರ ಮುಖ ಕಪ್ಪಿಡುತ್ತದೆ. ಮೂರು ವಾರದ ಹಿಂದೆ ಮಾರ್ಕೆಟ್ಟಿನಲ್ಲಿ ಸ್ಕೂಟರಿನ ಮುಂದಿನ ಡಬ್ಬಿಯ ಬೀಗ ಒಡೆದು ಯಾರೋ ಸ್ಪ್ಯಾನರ್ ಚೀಲ ಹೊಡೆದಿದ್ದಾರೆ, ಚೀಲದೊಳಗೆ ಆರ್‌ಸಿ ಬುಕ್ ಇತ್ತು. ಅಂದಿನಿಂದ ಅವರು ಪಂಪು, ಬರ್ನರು, ಪೈಪಿನ ಸುರುಳಿ ಎಲ್ಲವನ್ನೂ ಹೆಗಲ ಮೇಲೆ ಹೊತ್ತು ಬ್ಯಾಂಕ್ ಕಾಲೊನಿ, ಶ್ರೀನಗರ, ಗವೀಪುರ ಸುತ್ತುತ್ತಿದ್ದಾರೆ. ದಿನಕ್ಕೆ ಹದಿನೈದು ಮನೆ ಹತ್ತುತ್ತಿದ್ದವರು ಈಗ ನಾಲ್ಕು ಮನೆ ಹತ್ತುವಷ್ಟರಲ್ಲಿ ಕೂತುಬಿಡುತ್ತಾರೆ. ಹಳೇ ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆಯವರನ್ನು ಕರೆಸಿಕೊಳ್ಳುತ್ತಿದ್ದಾರೆ. ಸ್ಕೂಟರ್ ಮತ್ತೆ ರಸ್ತೆಗಿಳಿಯದಿದ್ದರೆ ಅವರ ಕಸುಬು ಮುಗಿದ ಹಾಗೇ.

ಸ್ಕೂಟರಿನ ಪಕ್ಕದ ಮುಚ್ಚಳ ಬಿಚ್ಚಿ ಬಗ್ಗಿದ ಅಕ್ಕಯಮ್ಮ ಹಾವು ಕಂಡವರಂತೆ ಹಿಂದಕ್ಕೆ ಸರಿಯುತ್ತಾರೆ. ನಂಬರಿನ ಸುತ್ತ ಬಣ್ಣವೆಲ್ಲ ಕೆರೆದುಹೋಗಿದೆ, ಉಕ್ಕು ಫಳಫಳ ಹೊಳೆಯುತ್ತಿದೆ.

"ಇದೇನ್ರೀ ಇದು? ಯಾರು ಕೆರೆದದ್ದು?"

"ನಾನೇ ಕಣಮ್ಮ, ನಿನ್ನೆ ಸಂಜೆ. ಪ್ರಿಂಟು ಚೆನ್ನಾಗಿ ಬರ್ಲಿ ಅಂತ ಸೀಮೆಎಣ್ಣೆ ಹಾಕಿ, ಬರ್ನರ್ ಚುಚ್ಚೋ ಪಿನ್ನಲ್ಲಿ ಒಂದೊಂದೇ ಅಂಕಿ ಕ್ಲೀನ್ ಮಾಡಿದೆ. ನಿಮಗೆ ಶ್ರಮ ಕಮ್ಮಿ ಆಗುತ್ತಲ್ಲ."

ಪಾಪ, ಮೂವತ್ತು ವರ್ಷ ಬರ್ನರಿನ ತೂತು ಚುಚ್ಚಿ ಚುಚ್ಚಿ ಬಂದ ಅಭ್ಯಾಸ. ಆದರೆ ಈ ಮರದಡಿಯಲ್ಲಿ ನಂಬರ್ ಕೆರೆದವನು ಎಂದರೆ ಕೊಲೆ ಮಾಡಿದವನಿಗಿಂತ ಒಂದು ಮೆಟ್ಟಿಲು ಮೇಲೆ. ಅಕ್ಕಯಮ್ಮ ಪ್ರಿಂಟ್ ತೆಗೆದು ಕೊಡುತ್ತಾರೆ. ಕೀ ಮಾತ್ರ ಕೊಡುವುದಿಲ್ಲ. "ಒಳಗೆ ಪಾಸಾಗಿ ಬನ್ನಿ, ಆಮೇಲೆ ನೋಡೋಣ."

ಈ ಸಂಶಯ ಆಕೆಗೆ ಹುಟ್ಟಿನಿಂದ ಬಂದದ್ದಲ್ಲ. ಸಾವಿರದ ಒಂಬೈನೂರ ಎಂಬತ್ನಾಲ್ಕರಲ್ಲಿ ಪ್ರಿಂಟ್ ತೆಗೆಯುತ್ತಿದ್ದವನು ಕೆಂಚಪ್ಪ. ಅವನ ಸೊಂಟ ಹಿಡಿದುಕೊಂಡಾಗ ಊಟದ ಡಬ್ಬಿ ತಂದಿದ್ದ ಅಕ್ಕಯಮ್ಮ ಡಬ್ಬಿ ಪಕ್ಕಕ್ಕಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಲಾರಿಯ ಕೆಳಗೆ ನುಗ್ಗಿದರು. ಹೆಂಗಸು ಲಾರಿ ಕೆಳಗೆ ಮಲಗಿದ್ದಾಳೆ ಎಂದು ನೋಡಲು ಅಂದು ಅರ್ಧ ಚಾಮರಾಜಪೇಟೆ ಬಂದು ನಿಂತಿತ್ತಂತೆ. ಉಳಿದರ್ಧ ಮರುದಿನ ಬಂತಂತೆ.

"ಎರಡನೇ ವರ್ಷ ಒಬ್ಬ ಆಟೋದವನು ನಾನು ಕೆಳಗಿರೋದು ಮರ್ತು ಗಾಡಿ ಎತ್ಬಿಟ್ಟ," ಎನ್ನುತ್ತಾರೆ ಅಕ್ಕಯಮ್ಮ. "ಸೆರಗು ಚಕ್ರಕ್ಕೆ ಸುತ್ಕೊಂಡ್ತು. ಹತ್ತಡಿ ಎಳ್ಕೊಂಡು ಹೋದ. ಅವತ್ತಿಂದ ಯಾರೇ ಬರ್ಲಿ, ಮೊದ್ಲು ಕೀ ನನ್ನ ಸೆರಗಲ್ಲಿ." ಮೊಣಕೈಯಿಂದ ಭುಜದವರೆಗೆ ಆ ದಿನದ ಗಾಯದ ಗುರುತಿದೆ. ಬೇಸಿಗೆಯಲ್ಲಿ ಸೈಲೆನ್ಸರ್ ಸುಡುತ್ತದೆ, ಮಳೆಗಾಲದಲ್ಲಿ ಬೆನ್ನ ಕೆಳಗೆ ನೀರು ಹರಿಯುತ್ತದೆ, ಎಣ್ಣೆಯ ಹನಿ ಕಣ್ಣಿಗೇ ಗುರಿಯಿಟ್ಟು ಬೀಳುತ್ತದೆ.

ದಿನಕ್ಕೆ ನಲವತ್ತು ಗಾಡಿ, ಜಾಸ್ತಿಯೆಂದರೆ ಅರವತ್ತು. ಗಾಡಿಗೊಂದಕ್ಕೆ ಎರಡು ಪ್ರಿಂಟು. ಎರಡು ದಿನಕ್ಕೊಂದು ಪೆನ್ಸಿಲ್. ಹದಿನೈದು ವರ್ಷದಲ್ಲಿ ಆಕೆ ಕೆತ್ತಿ ಎಸೆದ ಪೆನ್ಸಿಲ್ ಸಿಪ್ಪೆಯನ್ನು ಕೂಡಿಟ್ಟಿದ್ದರೆ ಸಾವಿರ ಜನರ ಮದುವೆಗೆ ಅಡುಗೆಯ ಸೌದೆ ಆಗುತ್ತಿತ್ತು, ಬೀಗರೂಟಕ್ಕೂ ಮಿಗುತ್ತಿತ್ತು.

ಆರ್‌ಸಿ ಬುಕ್ ಕಳೆದವರೆಲ್ಲ ಕಳೆದವರಲ್ಲ ಎನ್ನುವುದು ಆಕೆಯ ಅನುಭವ. ಪುಸ್ತಕವನ್ನು ಎಲ್ಲೋ ಅಡವಿಟ್ಟು ಕಳೆಯಿತು ಎನ್ನುವವರಿದ್ದಾರೆ. ಅಣ್ಣನ ಬೀರುವಿನಲ್ಲಿ ಭದ್ರವಾಗಿರುವುದನ್ನು ಕಳುವಾಯಿತು ಎಂದು ಬರುವ ತಮ್ಮಂದಿರಿದ್ದಾರೆ. ಒಬ್ಬ ಮಹಾಶಯ ಇಲಿ ತಿಂದಿತು ಎಂದು ಖಾಲಿ ಪ್ಲಾಸ್ಟಿಕ್ ಕವರ್ ತಂದು ತೋರಿಸಿದನಂತೆ. "ಕವರ್‌ಗೆ ಒಂದು ಹಲ್ಲಿನ ಗುರುತಿಲ್ಲ! ಇಲಿ ಪುಸ್ತಕ ಹೊರಗೆ ತಕ್ಕೊಂಡು, ಓದಿ, ಆಮೇಲೆ ತಿಂತೇನಪ್ಪಾ ಅಂದೆ. ಓಡೋದ ನೋಡಿ, ಗಾಡಿ ಬಿಟ್ಟೇ ಓಡೋದ. ನಂಬೋದಕ್ಕೆ ನನಗೇನು ಸಂಬಳ ಬರುತ್ತಾ?"

ಆಕೆಯನ್ನೂ ಯಾರೂ ನಂಬುವುದಿಲ್ಲ, ಅದು ಬೇರೆ ವಿಷಯ. ಗಾಡಿಯವರು ಕೀ ವಾಪಸು ಬರುತ್ತದೋ ಇಲ್ಲವೋ ಎಂದು ಸೆರಗಿನ ಮೇಲೇ ಕಣ್ಣಿಟ್ಟಿರುತ್ತಾರೆ. ಮರದಡಿಯ ಏಜೆಂಟ್ ಚಲುವರಾಜು, ಆಕೆ ಪೊಲೀಸರ ಕಡೆಯವಳು ಎಂದು ಕೆಲವರಿಗೂ ಕಳ್ಳರ ಕಡೆಯವಳು ಎಂದು ಇನ್ನು ಕೆಲವರಿಗೂ ಹೇಳಿಟ್ಟಿದ್ದಾನೆ. ಅವನಿಗೆ ಆ ಜಾಗದಲ್ಲಿ ತನ್ನ ಭಾಮೈದನನ್ನು ಕೂರಿಸಬೇಕಾಗಿದೆ.

ಅದೇ ದಿನ ಹನ್ನೆರಡು ಗಂಟೆಗೆ ಚಲುವರಾಜು ಕಚೇರಿಯಿಂದ ಹಲ್ಲು ಕಿಸಿಯುತ್ತ ಹೊರಗೆ ಬರುತ್ತಾನೆ.

"ಅಕ್ಕಯಮ್ಮೋರೇ, ನಿಮ್ಮ ಸ್ಟೌ ರಿಪೇರಿ ಯಜಮಾನ್ರು ಸಿಕ್ಕಾಕೊಂಡ್ರು. ರಿಜಿಸ್ಟರ್‌ನಲ್ಲಿ ಕೊನೆ ಅಂಕಿ ಮೂರು, ನಿಮ್ಮ ಪ್ರಿಂಟಲ್ಲಿ ಎಂಟು! ಸ್ಟೇಷನ್‌ಗೆ ಫೋನ್ ಮಾಡ್ತಾ ಇದಾರೆ. ನಿಮ್ಮನ್ನೂ ಕರೀತಿದಾರೆ, ಬನ್ನಿ."

ಮೂರನ್ನು ಎಂಟು ಮಾಡುವುದು ಗಾಡಿ ಕಳ್ಳರ ಮೊದಲನೇ ಪಾಠ. ಎಡಗಡೆ ಎರಡು ಗೆರೆ ಕುಟ್ಟಿದರೆ ಮುಗಿಯಿತು. ಅದರ ಮೇಲೆ ಕೆರೆದ ಗುರುತು ಬೇರೆ. ಬೆಳಿಗ್ಗೆಯೇ ಪಕ್ಕಾ ಕಳ್ಳ ಎಂದು ತೀರ್ಪು ಕೊಟ್ಟ ಅಕ್ಕಯಮ್ಮ ಏಳು ಲೋಕ ಗೆದ್ದವರಂತೆ ಎದ್ದು ನಿಲ್ಲುತ್ತಾರೆ. ಆದರೆ ಕಚೇರಿಯ ಮೆಟ್ಟಿಲು ಹತ್ತುವ ಮುಂಚೆ, ಅಭ್ಯಾಸಬಲ, ಸ್ಕೂಟರಿನ ಬಳಿ ಬಗ್ಗಿ ಆ ಕೊನೆಯ ಅಂಕಿಯ ಮೇಲೆ ಉಗುರು ಆಡಿಸುತ್ತಾರೆ. ಒಂದು ಸಲ. ಎರಡು ಸಲ. ಆಮೇಲೆ ಕಣ್ಣು ಮುಚ್ಚಿ ಮೂರನೆಯ ಸಲ.

"ಏನೇ ಆಯ್ತು?" ಎನ್ನುತ್ತಾನೆ ಕೆಂಚಪ್ಪ.

"ಎಡಕ್ಕೂ ಬಲಕ್ಕೂ ಒಂದೇ ಆಳ ಇದೆ ಕಣ್ರೀ. ಆಮೇಲೆ ಕುಟ್ಟಿದ್ರೆ ಹಿಂಗಿರಲ್ಲ. ಇದು ಒಂದೇ ಏಟಿಗೆ ಬಿದ್ದಿರೋ ಎಂಟು."

ಒಳಗೆ ದೊಡ್ಡಬೈರಪ್ಪ ಬೆಂಚಿನ ತುದಿಯಲ್ಲಿ ಕೂತಿದ್ದಾರೆ, ಟೋಪಿ ಮಂಡಿಯ ಮೇಲಿದೆ. ಮೇಜಿನ ಹಿಂದಿನ ಗುಮಾಸ್ತರು ಕನ್ನಡಕದ ಮೇಲಿನಿಂದ ನೋಡುತ್ತಾರೆ. "ಹೇಳಿ ಅಕ್ಕಯಮ್ಮ, ಕದ್ದ ಗಾಡಿ ತಾನೇ?"

"ಹಳೇ ಫೈಲ್ ತರಿಸಿ ಸಾರ್."

"ಯಾಕೆ? ನಮ್ಮ ರಿಜಿಸ್ಟರ್ ಮೇಲೆ ನಿಮಗೆ ಅನುಮಾನವಾ?"

"ನನಗೆ ಎಲ್ಲರ ಮೇಲೂ ಅನುಮಾನ ಸಾರ್."

ಫೈಲು ಬರುವುದಕ್ಕೆ ಒಂದು ಗಂಟೆ ಹಿಡಿಯುತ್ತದೆ. ಜೊತೆಗೆ ಬರುವ ಧೂಳಿನಲ್ಲಿ ಒಂದು ಎಕರೆ ರಾಗಿ ಬೆಳೆಯಬಹುದು. ದೊಡ್ಡಬೈರಪ್ಪ ಮದರಾಸಿನ ಸ್ಟೌ ವರ್ಕ್‌ಶಾಪಿನಲ್ಲಿದ್ದಾಗ ಕೊಂಡ ಸ್ಕೂಟರ್ ಅದು, ಎಂಬತ್ನಾಲ್ಕರಲ್ಲಿ ಊರಿಗೆ ವಾಪಸು ಬಂದಾಗ ಇಲ್ಲಿ ಹೊಸ ನಂಬರ್ ಪಡೆದಿದೆ. ಅಲ್ಲಿಂದ ಬಂದ ಕಾಗದ ಕಾರ್ಬನ್ ಪ್ರತಿ, ಕೊನೆಯ ಅಂಕಿಯ ಮೇಲೆ ಮಸಿ ಹರಡಿದೆ. ಅಂದಿನ ಗುಮಾಸ್ತರು ಪಕ್ಕದಲ್ಲಿ ಅಂಟಿಸಿದ್ದ ಪೆನ್ಸಿಲ್ ಪ್ರಿಂಟ್ ನೋಡಿ ಮೂರು ಎಂದು ಬರೆದುಕೊಂಡಿದ್ದಾರೆ. ಆರ್‌ಸಿ ಬುಕ್ಕಿಗೂ ಅದೇ ಮೂರು ಹೋಗಿದೆ. ಆಮೇಲೆ ಯಾರೂ ಬಗ್ಗಿ ನೋಡಿಲ್ಲ.

ಅಕ್ಕಯಮ್ಮ ಆ ಹಳೇ ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಜಗತ್ತಿನಲ್ಲೆಲ್ಲ ಜನ ಬಲಗೈಯಲ್ಲಿ ಉಜ್ಜುತ್ತಾರೆ, ಪೆನ್ಸಿಲಿನ ಗೆರೆ ಬಲಕ್ಕೆ ವಾಲುತ್ತದೆ. ಈ ಗೆರೆಗಳು ಎಡಕ್ಕೆ ವಾಲಿವೆ. ಆ ಮರದಡಿಯಲ್ಲಿ ಇವತ್ತಿನವರೆಗೆ ಎಡಗೈಯಲ್ಲಿ ಪ್ರಿಂಟ್ ತೆಗೆದವರು ಒಬ್ಬರೇ.

ಇದು ಯಾರಿಗೂ ಗೊತ್ತಿಲ್ಲ. ಗುಮಾಸ್ತರಿಗೆ ಗೆರೆ ಕಾಣುವುದಿಲ್ಲ, ದೊಡ್ಡಬೈರಪ್ಪನವರಿಗೆ ಅಂದು ಉಜ್ಜಿದವರ ಮುಖ ನೆನಪಿಲ್ಲ. ಬಾಯಿ ಮುಚ್ಚಿಕೊಂಡು ಹೊರಗೆ ಬಂದರೆ ಮರದಡಿಯ ಜಾಗ ಉಳಿಯುತ್ತದೆ. ಬಾಯಿ ಬಿಟ್ಟರೆ, ತಪ್ಪು ಪ್ರಿಂಟ್ ತೆಗೆಯುವ ಹೆಂಗಸು ಎಂದು ಚಲುವರಾಜು ಸಂಜೆಯೊಳಗೆ ತುಮಕೂರಿನವರೆಗೆ ಟಾಂಟಾಂ ಹೊಡೆಸುತ್ತಾನೆ. ಅಕ್ಕಯಮ್ಮ ಸೆರಗಿನ ಗಂಟನ್ನು ಬಿಗಿಯಾಗಿ ಹಿಡಿದುಕೊಂಡು ಹಳೇ ಪ್ರಿಂಟನ್ನು ಮೇಜಿನ ಮೇಲಿಡುತ್ತಾರೆ.

"ಇದು ನಂದು ಸಾರ್."

"ಯಾವುದು?"

"ಈ ಪ್ರಿಂಟು. ನಾನೇ ತೆಗೆದಿದ್ದು. ಆಗಿನ್ನೂ ಹೊಸಬಳು. ನಂಬರ್ ಒರೆಸಿ ತೆಗೀಬೇಕು ಅಂತ ಗೊತ್ತಿರ್ಲಿಲ್ಲ. ಬಣ್ಣ ತುಂಬಿಕೊಂಡಿತ್ತೇನೋ. ಎಂಟರ ಎಡಭಾಗ ಮುಚ್ಚಿಹೋದ್ರೆ ಮೂರೇ ಅಲ್ವಾ ಕಾಣೋದು?"

"ಹೌದು ಹೌದು," ಎಂದು ದೊಡ್ಡಬೈರಪ್ಪ ಎದ್ದು ನಿಲ್ಲುತ್ತಾರೆ. "ಬರೋ ಮುಂಚೆ ಮದರಾಸಲ್ಲೇ ಬಣ್ಣ ಹೊಡೆಸಿದ್ದೆ." ತಕ್ಷಣ ಅವರ ಕಣ್ಣು ಸಣ್ಣದಾಗುತ್ತದೆ. "ಅಲ್ಲಮ್ಮ, ಬೆಳಿಗ್ಗೆ ನನ್ನನ್ನೇ ಕಳ್ಳ ಅಂದೋಳು ಈಗ ತಪ್ಪು ನಂದು ಅಂತಿದೀಯ. ಇದ್ರಲ್ಲೇನು ಮಸಲತ್ತು?"

ಗುಮಾಸ್ತರಿಗೂ ಅದೇ ಪ್ರಶ್ನೆ. "ಇವ್ರು ನಿಮಗೆ ನೆಂಟ್ರಾ?"

"ಇಬ್ಬರೂ ಸೇರ್ಕೊಂಡಿದಾರೆ ಸಾರ್," ಎನ್ನುತ್ತಾನೆ ಬಾಗಿಲಲ್ಲಿ ನಿಂತ ಚಲುವರಾಜು.

ಅಕ್ಕಯಮ್ಮ ಎಲ್ಲರನ್ನೂ ಮರದಡಿಗೆ ಕರೆತರುತ್ತಾರೆ. ಕೆಂಚಪ್ಪನ ನಂಬರ್ ಪ್ಲೇಟಿನ ಬಣ್ಣದಿಂದ ಕೂದಲೆಳೆಯಷ್ಟು ಎತ್ತಿ, ಸ್ಕೂಟರಿನ ಮೇಲಿನ ಎಂಟರ ಎಡಭಾಗದ ತಗ್ಗಿಗೆ ತುಂಬಿಸುತ್ತಾರೆ. ಅದು ಒಣಗುವವರೆಗೆ ಮುಕ್ಕಾಲು ಗಂಟೆ ಗುಮಾಸ್ತರು, ಏಜೆಂಟರು, ಟೀ ಅಂಗಡಿಯವನು, ಹೋಗಿಬರುವವರು, ಒಟ್ಟು ಇಡೀ ಬೆಂಗಳೂರು ಉಸಿರು ಬಿಗಿಹಿಡಿದು ಒಂದು ಅಂಕಿಯನ್ನು ನೋಡುತ್ತ ನಿಲ್ಲುತ್ತದೆ. ಆಮೇಲೆ ಆಕೆ ಕಾಗದ ಹಿಡಿದು ಎಡಗೈಯಲ್ಲಿ ಉಜ್ಜುತ್ತಾರೆ. ಮೂರು ಮೂಡುತ್ತದೆ. ಹಳೇ ಫೈಲಿನದರ ಪಕ್ಕದಲ್ಲಿಟ್ಟರೆ ಅವಳಿ ಮಕ್ಕಳು. ಗೆರೆಯ ವಾಲಿಕೆ ಕೂಡ ಅದೇ.

ಗುಮಾಸ್ತರು ಎರಡನ್ನೂ ನೋಡುತ್ತಾರೆ, ಆಕೆಯ ಕೈಯನ್ನು ನೋಡುತ್ತಾರೆ, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. "ಬರೆದು ಕೊಡ್ತೀರಾ?"

"ಕೊಡ್ತೀನಿ."

ಆಕೆಗೆ ಬರೆಯಲು ಬರುವುದು ಅಂಕಿಗಳು ಮತ್ತು ತನ್ನ ಹೆಸರು. ಗುಮಾಸ್ತರೇ ಬರೆಯುತ್ತಾರೆ, ಅಕ್ಕಯಮ್ಮ ಸಹಿ ಹಾಕುತ್ತಾರೆ. ಆ ಹಾಳೆ ಫೈಲಿಗೆ ಸೇರುತ್ತದೆ. ಮೇಲಿನ ಅಧಿಕಾರಿ ಬಂದು ತಾವೂ ಉಗುರು ಆಡಿಸಿ ನೋಡಿ, ಇಂಜಿನ್ ನಂಬರ್ ತಾಳೆಯಾಗಿದೆ ಎಂದು ಖಾತ್ರಿಪಡಿಸಿಕೊಂಡು ರಿಜಿಸ್ಟರ್ ತಿದ್ದಿಸುತ್ತಾರೆ. ಹದಿನೆಂಟನೆಯ ದಿನ ದೊಡ್ಡಬೈರಪ್ಪನವರ ಕೈಗೆ ಹೊಸ ಆರ್‌ಸಿ ಬುಕ್ ಬರುತ್ತದೆ. ಕೊನೆಯ ಅಂಕಿ ಎಂಟು. ಅವರು ಅದನ್ನು ಮೂರು ಸಲ ಓದಿ, ಅಕ್ಕಯಮ್ಮನ ಕೈಗೂ ಕೊಟ್ಟು ಓದಿಸಿ, ಆಕೆ ಸೆರಗಿನಿಂದ ಬಿಚ್ಚಿಕೊಟ್ಟ ಕೀ ಹಾಕಿ ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿಕೊಂಡು ಹೊರಡುತ್ತಾರೆ. "ಮನೇಲಿ ಸ್ಟೌ ಕೆಟ್ರೆ ಹೇಳಿ ಕಳ್ಸಮ್ಮ. ಆದ್ರೆ ನೀನು ಮುಟ್ಟಬೇಡ."

ಚಲುವರಾಜು ನಿರೀಕ್ಷಿಸಿದಂತೆಯೇ ಟಾಂಟಾಂ ಹೊಡೆಸಿದ್ದಾನೆ. ಆ ವಾರ ಹೊಂಗೆಮರದ ಕೆಳಗೆ ದಿನಕ್ಕೆ ಏಳು ಗಾಡಿ ಬಂದರೆ ಹೆಚ್ಚು. ಈಗ ಮೂವತ್ತಕ್ಕೆ ಏರಿದೆ. ಬಂದವರು ಆಕೆಯ ಪ್ರಿಂಟನ್ನು ತಿರುಗಿಸಿ ಮುರುಗಿಸಿ ನೋಡಿ, "ಸರಿಯಾಗಿದೆ ತಾನೇ?" ಎನ್ನುತ್ತಾರೆ. ಅಕ್ಕಯಮ್ಮ ಸಿಟ್ಟಾಗುವುದಿಲ್ಲ. "ನೀವೇ ಉಗುರಾಡಿಸಿ ನೋಡಿ, ಆಮೇಲೆ ಅಂಟಿಸಿ," ಎನ್ನುತ್ತಾರೆ.

ಆಕೆಯ ನಿದ್ದೆ ಕೆಡಿಸಿರುವುದು ಬೇರೆ. ಆ ಮೊದಲ ವರ್ಷ ಒರೆಸದೆ ತೆಗೆದ ಪ್ರಿಂಟು ಅದೊಂದೇ ಏನು? ಒರೆಸಬೇಕೆಂದು ಕಲಿತದ್ದು ಎಂಟೊಂಬತ್ತು ತಿಂಗಳಾದ ಮೇಲೆ. ಅಷ್ಟರಲ್ಲಿ ಎಷ್ಟು ಸಾವಿರ ಗಾಡಿ ಕೈದಾಟಿ ಹೋದವೋ.

"ರೆಕಾರ್ಡ್ ರೂಮಿಗೆ ಒಂದೇ ಒಂದು ದಿನ ಬಿಟ್ರೆ ಸಾಕು," ಎನ್ನುತ್ತಾರೆ ಅಕ್ಕಯಮ್ಮ. "ಎಂಬತ್ನಾಲ್ಕರ ಫೈಲ್ ಎಲ್ಲ ನೋಡ್ತೀನಿ. ಎಡಕ್ಕೆ ವಾಲಿರೋದೆಲ್ಲ ನಂದು, ಹುಡುಕೋದು ಕಷ್ಟ ಇಲ್ಲ. ಅನುಮಾನ ಬಂದಿದ್ದು ಚೀಟೀಲಿ ಬರೆಸ್ಕೊಂಡು ಮನೆ ಮನೆಗೆ ಹೋಗಿ ಪುಕ್ಕಟೆ ಪ್ರಿಂಟ್ ತೆಗೆದು ಕೊಡ್ತೀನಿ. ಯಾರದೋ ಬಾಗಿಲಲ್ಲಿ ಬೆವರು ಸುರಿಸಿ ಕೊಂಡ ಗಾಡಿ ನಿಂತಿರುತ್ತೆ, ಪಾಪ, ಅವರಿಗೇ ಗೊತ್ತಿಲ್ದೆ ಅದು ಕಳ್ಳ ಗಾಡಿ ಆಗಿರುತ್ತೆ, ನನ್ನ ದೆಸೆಯಿಂದ."

ಎರಡು ಸಲ ಅರ್ಜಿ ಬರೆಸಿ ಕೊಟ್ಟಾಗಿದೆ. ಎರಡು ಸಲವೂ ಕಚೇರಿಯವರು ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ, ಹಳೇ ಫೈಲಿನಲ್ಲಿ ಈ ಹೆಂಗಸಿಗೆ ಏನು ಕೆಲಸ, ಹಿಂದೆ ಯಾರಿದ್ದಾರೆ ಎಂದು ಕೇಳಿ ವಾಪಸು ಕಳಿಸಿದ್ದಾರೆ.

ಬೇಜಾರಾಗುವುದಿಲ್ಲವೇ ಎಂದರೆ ಅಕ್ಕಯಮ್ಮ ಪೆನ್ಸಿಲ್ ಕೆತ್ತುವುದನ್ನು ನಿಲ್ಲಿಸುತ್ತಾರೆ. ಹದಿನೈದು ವರ್ಷದಲ್ಲಿ ಮೊದಲ ಸಲ ಎಂಬಂತೆ ಆ ಕಚೇರಿಯ ಕಡೆ ಮೆಚ್ಚುಗೆಯಿಂದ ನೋಡುತ್ತಾರೆ.

"ಅದ್ಯಾಕೆ ಬೇಜಾರು? ಅವ್ರ ಜಾಗದಲ್ಲಿ ನಾನಿದ್ರೆ ನಾನೂ ಒಳಗೆ ಬಿಡ್ತಿರ್ಲಿಲ್ಲ. ನಾಳೆ ಮತ್ತೆ ಅರ್ಜಿ ಕೊಡ್ತೀನಿ."